ಧೂಳಿನ ಮೋಡದ ನಡುವಣ ಖಾಲಿ

ವಿಮಾನ ಮೂಗೆತ್ತಿತು. ಮೈ ಎರಡರಷ್ಟು ಭಾರವಾಗಿ ನೆಲಕ್ಕೆ ಅಂಟಿತು. ಮಲಗಿದಲ್ಲಿಂದಲೇ ನಾನು ಪರದೆಯತ್ತ ಕಣ್ಣು ಹೊರಳಿಸಿದೆ. ಕ್ಯಾಮೆರಾ, ಲೇಸರ್ ನನ್ನ ಪಾಲಿನ ಕೆಲಸ. ಪಕ್ಕದಲ್ಲಿ ವೀಬ್ಕೆ, ಪ್ರಯೋಗ ಅವಳದು, ಅವಳ ಡಾಕ್ಟರೇಟಿನದು. ಆಚೆಗಿದ್ದವನು ಫೋಲ್ಕರ್ಟ್, ನಮ್ಮ ಗ್ರೈಫ್ಸ್‌ವಾಲ್ಡ್ ಪ್ರಯೋಗಾಲಯದ ಹಳೆಯ ಎಂಜಿನಿಯರ್.

ಬೋರ್ಡೋ ನಗರದಿಂದ ಹೊರಟು ಸಮುದ್ರದ ಮೇಲೆ ಹೀಗೆ ಏರಿ ಇಳಿಯುವುದು ಇದು ಮೂರನೆಯ ದಿನ. ಪ್ರತಿ ಏರಿನ ತುದಿಯಲ್ಲಿ ಇಪ್ಪತ್ತು ಸೆಕೆಂಡಿನಷ್ಟು ತೂಕವಿಲ್ಲದ ಹೊತ್ತು. ಅಷ್ಟರಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ವಿದ್ಯುತ್ ಹಾಯಿಸಿದ ಅನಿಲದ, ಅಂದರೆ ಹೊಳೆಯುವ ಪ್ಲಾಸ್ಮಾದ ಒಳಗೆ, ಹಿಟ್ಟಿಗಿಂತ ನುಣುಪಾದ ಪ್ಲಾಸ್ಟಿಕ್ ಧೂಳು ಮೋಡವಾಗಿ ನಿಲ್ಲಬೇಕು. ನಿಲ್ಲುತ್ತಲೂ ಇತ್ತು. ಆದರೆ ಪ್ರತಿ ಸಲವೂ ನಡುವೆ ಮೊಟ್ಟೆಯಾಕಾರದ ಖಾಲಿ. ಅಲ್ಲಿಂದ ಹೊರಕ್ಕೆ ಹರಿಯುವ ಅಯಾನುಗಳು, ಅಂದರೆ ವಿದ್ಯುದಾವೇಶದ ಕಣಗಳು, ಧೂಳನ್ನು ದಬ್ಬಿಬಿಡುತ್ತವೆ. ವೀಬ್ಕೆಗೆ ಬೇಕಿದ್ದದ್ದು ಖಾಲಿಯಿಲ್ಲದ ಮೋಡ. ಅದು ಸಿಗದೆ ಅವಳ ಪ್ರಬಂಧಕ್ಕೆ ಕೊನೆಯ ಅಧ್ಯಾಯವಿಲ್ಲ. ಇಂದಿಗೆ ನಮ್ಮ ಸರದಿ ಮುಗಿಯುತ್ತಿತ್ತು. ಇದೂ ಸೇರಿ ಉಳಿದದ್ದು ಎರಡೇ ಏರು.

ಪೈಲಟ್ ಕೂಗಿದ. ಭಾರ ಕಳಚಿತು. ವೀಬ್ಕೆ ಧೂಳಿನ ಡಬ್ಬಿ ಅಲುಗಿಸುವ ಗುಂಡಿಯನ್ನು ಟಕಟಕನೆ ಒತ್ತುತ್ತಲೇ ಹೋದಳು.

“ಅಯ್ಯೋ ಮಾರಾಯ್ತಿ, ಇದು ನೆಲ ಅಲ್ಲ!” ಫೋಲ್ಕರ್ಟ್ ಚೀರಿದ.

ನೆಲದ ಮೇಲಿನ ಪ್ರಯೋಗಾಲಯದಲ್ಲಿ, ಉದುರಿಸಿದ್ದರಲ್ಲಿ ಬಹುಪಾಲು ಕೆಳಗೆ ಬಿದ್ದು ಹಾಳು. ಅದಕ್ಕೇ ಜೋರಾಗಿ ಅಲುಗಿಸುವುದು ನಮ್ಮೆಲ್ಲರ ಕೈಗೆ ಅಂಟಿದ ಚಾಳಿ; ಮೂರು ದಿನ ತಡೆದಿಟ್ಟದ್ದು ಈಗ ಆತುರದಲ್ಲಿ ಜಾರಿತ್ತು. ಇಲ್ಲಿ ಯಾವುದೂ ಬೀಳುವುದಿಲ್ಲ. ಪರದೆ ತುಂಬ ಧೂಳು. ಖಾಲಿ ಮಾತ್ರ ಹಾಗೆಯೇ ಉಳಿದಿತ್ತು.

“ಆಲೂಗಡ್ಡೆ ಸೂಪಿಗೆ ಹಿಟ್ಟಿನ ಮೂಟೆನೇ ಸುರಿದಂಗಿದೆ,” ಎಂದ ಫೋಲ್ಕರ್ಟ್.

“ಕಾಣ್ತಿದೆ, ಸುಮ್ನಿರು.”

“ಭಾರ ಬಂದಾಗ ಪ್ಲಾಸ್ಮಾ ಆರಿಸ್ಬಿಡು. ಎಲ್ಲ ಉದುರ್ಲಿ. ಕೊನೇದಕ್ಕೆ ಚೂರೇ ಚೂರು ಹಾಕು.”

ಮೋಡ ಕೆಟ್ಟರೆ ನಾವು ಮಾಡುವುದೇ ಹಾಗೆ. ಭಾರ ಮರಳಿತು, ಧೂಳು ಪೆಟ್ಟಿಗೆಯ ತಳದತ್ತ ಜಗ್ಗಿ ಒತ್ತೊತ್ತಾಯಿತು. ವೀಬ್ಕೆಯ ಬೆರಳು ಸ್ವಿಚ್ಚಿನ ಮೇಲಿತ್ತು. ಆರಿಸಲಿಲ್ಲ.

“ಇಷ್ಟೊಂದು ಧೂಳು ಇದ್ಯಲ್ಲ, ಕಣಗಳು ಒಂದನ್ನೊಂದು ಒಳಕ್ಕೆ ನೂಕ್ತಾವೆ. ವಿದ್ಯುತ್ ಇಳಿಸಿದ್ರೆ ಅಯಾನು ಹೊರಕ್ಕೆ ದಬ್ಬೋದೂ ಕಮ್ಮಿಯಾಗುತ್ತೆ,” ಎಂದಳು.

“ಇಳಿಸ್ತಾ ಇಳಿಸ್ತಾ ಪೂರ್ತಿ ಆರಿಹೋದ್ರೆ?” ನಾನು ಕೇಳಿದೆ. “ಇದೇ ಕೊನೇದು.”

“ಹೋದ್ರೆ ಹೋಯ್ತು. ಚೂರೇ ಚೂರು ಹಾಕಿ ಮೂರು ದಿನ ಏನು ಸಿಕ್ತು?”



ಕೊನೆಯ ಏರು. ನನ್ನ ಕಾಲು ತಾನಾಗಿ ಮೇಲೆದ್ದಿತು. ತಳದ ಧೂಳೂ ಎದ್ದು ಹರಡಿತು, ನಡುವೆ ಮತ್ತೆ ಅದೇ ಮೊಟ್ಟೆ. ವೀಬ್ಕೆ ವಿದ್ಯುತ್ತಿನ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಹೊಳಪು ಮಂಕಾಯಿತು. ಇನ್ನೊಂದೆಳೆ. ಹೊಳಪು ಒಮ್ಮೆ ನಡುಗಿತು. ನಾನು ಹಲ್ಲು ಕಚ್ಚಿದೆ. ಆರಲಿಲ್ಲ. ಮೊಟ್ಟೆ ಬಟಾಣಿಯಾಯಿತು, ಬಟಾಣಿ ಚುಕ್ಕೆಯಾಯಿತು. ಆಮೇಲೆ ಅಲ್ಲಿ ಬರೀ ಧೂಳು. ಕಣ ಕಣವೂ ನೆರೆಯ ಕಣದಿಂದ ಅಷ್ಟಷ್ಟೇ ದೂರದಲ್ಲಿ, ಯಾರೂ ಹೇಳದೆ, ಸಾಲಾಗಿ ನಿಂತಿತ್ತು.

“ಚಿತ್ರ ಬರ್ತಿದೆಯಾ?” ಅವಳ ದನಿ ಪಿಸುಗುಟ್ಟಿತು.

“ಬರ್ತಿದೆ. ನೀನು ಉಸಿರಾಡು,” ಎಂದೆ ನಾನು.

ಭಾರ ಬಿತ್ತು. ಮೋಡ ಕುಸಿಯಿತು, ಚಿತ್ರ ಉಳಿಯಿತು. ವೀಬ್ಕೆ ಅಂಗಾತ ಬಿದ್ದುಕೊಂಡು, ಎದೆಯ ಮೇಲೆ ಯಾರೋ ಕೂತಂತಿದ್ದರೂ ನಗುತ್ತಿದ್ದಳು.

“ನಗು, ನಗು,” ಎಂದ ಫೋಲ್ಕರ್ಟ್. “ಪ್ರಬಂಧ ಬರೆಯೋದ್ರಿಂದ ತಪ್ಪಿಸ್ಕೊಳ್ಳೋಕೆ ಆ ಖಾಲಿ ಒಂದೇ ನೆಪ ಆಗಿತ್ತು. ಅದನ್ನೂ ನೀನೇ ಮುಚ್ಚಿದೆ.”