ಹೆದರಿದರೆ ಇಳಿಯುತ್ತದೆ

ಬಂಗಾರಪೇಟೆಯ ಲಾಡ್ಜಿಗೆ ತಿಂಗಳಿಗೊಮ್ಮೆ ಬಂದು ಕೂರುವ ಗುಪ್ತರೋಗದ ಡಾಕ್ಟರು ಕೋದಂಡಪ್ಪನ ಶಿಶ್ನಕ್ಕೇ ಸೂಜಿ ಚುಚ್ಚಿದ್ದ. ಮದುವೆಯಾದಾಗಿನಿಂದ ಹೆಂಡತಿ ಮುನಿರತ್ನಮ್ಮನ ಪಕ್ಕ ಅವನಿಗೆ ಏಳುತ್ತಿರಲಿಲ್ಲ. ಅವಳು ತವರಿನಿಂದ ಬರುವಷ್ಟರಲ್ಲಿ ಗಂಡಸಾಗಬೇಕಿತ್ತು. ಚುಚ್ಚಿದ್ದು ಸಂಜೆ; ಬೆಳಗಾದರೂ ಇಳಿಯಲಿಲ್ಲ. ಕೊರಡಿನಂತೆ ಸೆಟೆದು, ನೋವು ಹೊಟ್ಟೆಗೆ ಹತ್ತಿತ್ತು. ಲಾಡ್ಜಿಗೆ ಓಡಿದರೆ ಡಾಕ್ಟರು ಜಾಗ ಖಾಲಿ ಮಾಡಿದ್ದ.

ಮಾರಿಕುಪ್ಪಂ ರೈಲಿನಲ್ಲಿ ನಿಂತೇ ಹೋದ. ತಾನು ದುಡಿಯುವ ಚಿನ್ನದ ಗಣಿ ಮೈಸೂರು ಮೈನ್ಸಿನ ಗೇಟಿನಲ್ಲಿ, ಜತೆ ಕೆಲಸಗಾರ ಕುಪ್ಪುಸ್ವಾಮಿಗೆ ಮಾತ್ರ ಹೇಳಿದ. ಅವನು ನಕ್ಕು ನಕ್ಕು ಕೆಮ್ಮಿದ.

"ಊರೆಲ್ಲ ಏಳಲ್ಲ ಅಂತ ಅಳ್ತದೆ, ನೀನು ಇಳಿಯಲ್ಲ ಅಂತೀಯಲ್ಲಪ್ಪಾ!"

"ನಗಬ್ಯಾಡ ಕಣ್ಲಾ, ಪ್ರಾಣ ಓಗ್ತಾ ಐತೆ. ಆಸ್ಪತ್ರೆಗ್ ಓಗ್ಲಾ?"

"ನರ್ಸಮ್ಮಂಗೆ ತೋರಿಸ್ತೀಯಾ? ಕೆಳಗೆ ಬಾ ಡಾ. ಬಂಡೆ ಸಿಡಿದ್ರೆ ಎಂಥಾ ಗಂಡಸಿಂದೂ ಒಳಗೆ ಸೇರ್ಕೊಳ್ತದೆ."

ಅದು ಗಣಿಯವರೆಲ್ಲ ಕಂಡುಂಡ ಮಾತು. ಕೋದಂಡಪ್ಪ ನಂಬಿ, ಗಣಿಯೊಳಕ್ಕೆ ಇಳಿಸುವ ಕೇಜು ಹತ್ತಿದ. ಮಧ್ಯಾಹ್ನ ಬಂಡೆ ಸಿಡಿಯಿತು ಕೂಡ. ಧೂಳು ನುಗ್ಗಿತು, ಹಲ್ಲು ಕಟಕಟ ಎಂದವು, ಎದೆ ಬಾಯಿಗೆ ಬಂತು. ಕತ್ತಲಲ್ಲಿ ಮುಟ್ಟಿ ನೋಡಿಕೊಂಡ. ಹಾಗೇ ಇತ್ತು. ಸಾವಿಗೂ ಹೆದರದ ಅಂಗ ತನ್ನದಲ್ಲವೆನಿಸಿ ಕಿರುಚಿಕೊಂಡ.

ಕುಪ್ಪುಸ್ವಾಮಿಯೇ ಮೇಲೆ ತಂದು ಆಸ್ಪತ್ರೆಗೆ ಸೇರಿಸಿದ. ನಡೆದದ್ದನ್ನೆಲ್ಲ ಕೇಳಿ, ಅಲ್ಲಿನ ಡಾಕ್ಟರು ಕಪ್ಪು ರಕ್ತ ಎಳೆದು ತೆಗೆದು, ಇನ್ನೊಂದು ಸೂಜಿ ಹಾಕಿದರು. ನಿಧಾನವಾಗಿ ಬಗ್ಗಿತು.

"ಅದನ್ನ ಮಲಗಿಸಿಡೋದೇ ನರದ ಕೆಲಸ ಕಣಯ್ಯ. ನರದ ತುದೀಲಿ ಒಂದು ರಸ ಒಸರುತ್ತೆ. ಸ್ನಾಯುವಿನ ಮೇಲೆ ಬೀಗ ಇದೆ, ರಸ ಅದರ ಕೀಲಿಕೈ. ಬಿದ್ದರೆ ಸ್ನಾಯು ಬಿಗಿದು ರಕ್ತ ತಡೆಯುತ್ತೆ. ನರದ ಮೇಲೂ ಬೀಗ ಇದೆ. ರಸ ಜಾಸ್ತಿಯಾದ್ರೆ ಅದು ಸಾಕು ಅನ್ನುತ್ತೆ. ನಿನ್ನ ಲಾಡ್ಜಿನೋನು ಎರಡಕ್ಕೂ ಮೇಣ ಮೆತ್ತಿದ. ಬಂಡೆ ಸಿಡಿದಾಗ ಹೆದರಿಕೆಗೆ ನರ ರಸ ಸುರಿದಿರುತ್ತೆ, ಸಾಕು ಅನ್ನೋರಿಲ್ಲದೆ ಇನ್ನೂ ಸುರಿದಿರುತ್ತೆ. ಸ್ನಾಯುವಿಗೆ ಮುಟ್ಟಲೇ ಇಲ್ಲ."

"ಮುಂಚೆ ಏಳ್ತಾ ಇರ್ಲಿಲ್ಲ ಸ್ವಾಮಿ. ಅದೂ ಎಂಡ್ತಿ ಮುಂದೆ ಮಾತ್ರ. ಬೆಳಗಿನ ಜಾವ ತಾನಾಗೇ ಎದ್ದಿರೋದು."

ಡಾಕ್ಟರು ಕೈ ಒರೆಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಿನಗೇನೂ ಆಗಿರಲಿಲ್ಲ. ಹೆಂಡತಿ ಮುಂದೆ ಹೆದರ್ತಿದ್ದೆ, ನರ ರಸ ಬಿಡ್ತಿತ್ತು, ಅಷ್ಟೆ."

"ಇನ್ಮೇಲೆ ಏಳ್ತದಾ?"

"ಬೆಳಿಗ್ಗೆಯೇ ಬರಬೇಕಿತ್ತು. ಒಳಗಿನ ಮಾಂಸ ಸತ್ತಿದೆ."

ಸುದ್ದಿ ಕೇಳಿ ಬಂದ ಮುನಿರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾವ ಬೇವರ್ಸಿ ಚುಚ್ಚಿದ್ದು?"

ಕೋದಂಡಪ್ಪ ಹೊದಿಕೆ ಎಳೆದುಕೊಂಡ.

"ಏಳ್ತಿಲ್ಲ ಅಂತ ನಾನು ಯಾವತ್ತಾನಾ ನಿನ್ನ ಕೇಳಿದ್ನಾ?"

ಕೇಳಿರಲಿಲ್ಲ.