ರಬ್ಬರ್ ಮೇಷ್ಟ್ರ ಒಂದು ತಪ್ಪು

ರಬ್ಬರ್ ಮೇಷ್ಟ್ರು ನೇರವಾಗಿ ನಡೆದದ್ದನ್ನು ಕಂಡವರಿಲ್ಲ. ಎಡಭುಜ ಮುಂದೆ, ಬಲಭುಜ ಹಿಂದೆ, ಮುಖ ಮಾತ್ರ ದಾರಿಯ ಕಡೆಗೆ. ಹೀಗೆ ಓರೆಯಾಗಿ, ಕಾಣದ ಗಾಜಿನ ಹಲಗೆಯೊಂದನ್ನು ಎದೆಗವಚಿಕೊಂಡವರಂತೆ ಅವರು ರಸ್ತೆಯ ಅಂಚು ಹಿಡಿದು ಬರುತ್ತಿದ್ದರು. ಪರದೆಯೂ ಯಂತ್ರವೂ ಒಂದೇ ಚಪ್ಪಟೆ ಮೈಯೊಳಗೆ ಅಡಗಿರುವ ಕಂಪ್ಯೂಟರುಗಳನ್ನು ರಿಪೇರಿಗಾಗಿ ಇಪ್ಪತ್ತು ವರ್ಷ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸಿ ಬಂದ ನಡಿಗೆ ಅದು. ಕೈ ಖಾಲಿಯಿದ್ದಾಗಲೂ ಮೈ ಆ ಅಭ್ಯಾಸವನ್ನು ಬಿಡಲಿಲ್ಲ.

ಮೇಷ್ಟ್ರು ಎಂದರೂ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸೆಕೆಗೂ ಚಳಿಗೂ ಒಂದೇ ಆದ ಅವರ ಬೂದು ಕೋಟಿನ ಬಲಜೇಬಿನಲ್ಲಿ ಮಕ್ಕಳು ಬಳಸುವ ಬಿಳಿ ರಬ್ಬರೊಂದು ಸದಾ ಇರುತ್ತಿತ್ತು. ಕಂಪ್ಯೂಟರಿನೊಳಗಿನ ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಅದರಿಂದ ಮೃದುವಾಗಿ ಉಜ್ಜಿದರೆ ಸತ್ತಂತಿದ್ದ ಅರ್ಧದಷ್ಟು ಯಂತ್ರಗಳು ಎದ್ದು ಕೂರುತ್ತವೆ ಎಂಬುದು ಅವರ ಅನುಭವಸಿದ್ಧ ನಂಬಿಕೆ. ಅದರ ಜೊತೆಗೆ, ಪಾಠ ಒಪ್ಪಿಸಿಕೊಳ್ಳುವವರಂತೆ ಪ್ರತಿ ಮಾತಿನ ಕೊನೆಗೊಂದು ಪ್ರಶ್ನೆ: "ಮೊದಲು ವೈರ್ ಕೀಳ್ಬೇಕು, ಹೌದೋ ಅಲ್ವೋ?" ಕೆಲಸಕ್ಕೆ ಮುಂಚೆ ಕಿಟಕಿಯ ಸರಳನ್ನು ಒಂದು ಕ್ಷಣ ಹಿಡಿದು ನಿಲ್ಲುತ್ತಿದ್ದರು. ಭಕ್ತಿ ಎಂದುಕೊಂಡವರಿಗೆ, "ಮೈಯಲ್ಲಿರೋ ಕರೆಂಟು ಕಳೀಬೇಕಲ್ಲ, ಹೌದೋ ಅಲ್ವೋ?" ಎಂಬ ಉತ್ತರ ಸಿಗುತ್ತಿತ್ತು. ಗಿರಾಕಿಗಳ ಮನೆಯಲ್ಲಿ ಅವರು ಕೂರುತ್ತಿರಲಿಲ್ಲ, ಎಷ್ಟು ಹೇಳಿದರೂ ಕೂರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಯಂತ್ರದ ಒಡಲೊಳಗೆ, ಲೋಹದ ತಗಡಿನ ಮೂಲೆಯಲ್ಲಿ, ಸೀಸದ ಕಡ್ಡಿಯಿಂದ ತಾರೀಖನ್ನೂ ತಮ್ಮದೊಂದು ಸುತ್ತು ಗುರುತನ್ನೂ ಬರೆಯುತ್ತಿದ್ದರು. ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಅವರು ಅಕ್ಕರೆಯಿಂದ ನೋಡಿಕೊಂಡ ಯಂತ್ರಗಳಲ್ಲಿ ಪುಟದಕ್ಕನದೂ ಒಂದು. ಮುದ್ರಣಾಲಯಕ್ಕೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟಿಕೊಡುವ ಈಕೆಯನ್ನು ಅಲ್ಲಿನವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಚಿತ್ರಗಳು ತುಂಬಿದ ದಪ್ಪ ಪುಸ್ತಕವೆಂದರೆ ಮುದ್ರಣಾಲಯದ ಯಜಮಾನರು ಎರಡನೆಯ ಹೆಸರು ಯೋಚಿಸುತ್ತಿರಲಿಲ್ಲ. ಅಂಥವಳು ಕೆಲವು ವರ್ಷಗಳಿಂದ ಹಿಂದೆ ಬೀಳತೊಡಗಿದಳು. ಚಿತ್ರವೊಂದನ್ನು ಸರಿಸಿದರೆ ಪುಟ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಕಾದು ಕಾದು, ಮುಂದೇನು ಮಾಡಬೇಕೆಂದಿದ್ದೆ ಎಂಬುದೇ ತಪ್ಪಿಹೋಗುತ್ತಿತ್ತು. ಮೂರು ದಿನದ ಕೆಲಸ ಎಂಟು ದಿನಕ್ಕೆ ಹೋಯಿತು. ಕಂಪ್ಯೂಟರಿನದೇ ತಪ್ಪಿರಬಹುದು ಎಂದು ಗಂಡ ಒಮ್ಮೆ ಹೇಳಿದಾಗ ಆಕೆ ಸಿಡುಕಿದಳು: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ಕೈಯೇ ನಿಧಾನ ಆಗಿದೆ. ಮೆಮೊರಿ ಹಾಕಿಸಿ ಆಗಿದೆಯಲ್ಲ?" ಹಾಕಿಸಿದ್ದು ನಿಜ. ಏಳು ವರ್ಷದ ಹಿಂದೆ ಮೇಷ್ಟ್ರೇ ಬಂದು ಹಾಕಿಹೋಗಿದ್ದರು, ಮೊದಲ ವಾರ "ಹಾರ್ತಾ ಇದೆ" ಎಂದು ಆಕೆಯೇ ಎಲ್ಲರಿಗೂ ಹೇಳಿಕೊಂಡಿದ್ದಳು.

ಹೀಗೆ ತನ್ನನ್ನೇ ತಾನು ದೂರಿಕೊಂಡು ಆಕೆ ಕಣ್ಣಿನ ವೈದ್ಯರ ಬಳಿ ಹೋದಳು, ನರದ ವೈದ್ಯರ ಬಳಿ ಹೋದಳು, ಬೆಳಗ್ಗೆ ಎದ್ದು ಮೆತ್ತನೆಯ ಚೆಂಡೊಂದನ್ನು ಹಿಸುಕಿ ಹಿಸುಕಿ ಬೆರಳುಗಳಿಗೆ ವ್ಯಾಯಾಮ ಮಾಡಿಸಿದಳು. ಕಡೆಗೆ ಯಜಮಾನರೆದುರು ನಿಂತು, "ದೊಡ್ಡ ಪುಸ್ತಕ ಇನ್ನು ನನ್ನಿಂದ ಆಗಲ್ಲ ಸಾರ್, ಲೇಬಲ್ಲು, ಕರಪತ್ರ ಇದ್ರೆ ಕೊಡಿ" ಎಂದಳು. ಎರಡು ವರ್ಷ ಹಂಬಲಿಸಿ ತಯಾರಿ ನಡೆಸಿದ್ದ ಹಕ್ಕಿಗಳ ಸಚಿತ್ರ ಕೋಶ ಬೇರೆಯವರ ಕೈಗೆ ಹೋಯಿತು. ಈಗ ಅದರ ಎರಡನೆಯ ಸಂಪುಟಕ್ಕೆ ಯಜಮಾನರು ಮತ್ತೊಮ್ಮೆ ಕೇಳಿದ್ದರು. ಆಗದು ಎಂಬ ಪತ್ರವನ್ನು ಆಕೆ ಬರೆದಿಟ್ಟೂ ಆಗಿತ್ತು. ಕಳಿಸುವ ಮುಂಚೆ ಒಂದೇ ಒಂದು ಸಲ ಮೆಮೊರಿ ಇನ್ನಷ್ಟು ಹೆಚ್ಚಿಸಿ ನೋಡು ಎಂದು ಗಂಡ ಗೋಗರೆದದ್ದಕ್ಕೆ ಮೇಷ್ಟ್ರಿಗೆ ಕರೆ ಹೋಯಿತು.

ಬಂದರು. ಕಿಟಕಿಯ ಸರಳು ಹಿಡಿದರು. ಪರದೆಯ ಅಂಚಿನ ಅಂಟಿನೊಳಗೆ ತೆಳು ಪ್ಲಾಸ್ಟಿಕ್ ಕಾರ್ಡನ್ನು ತೂರಿಸಿ ಸುತ್ತಲೂ ನಿಧಾನವಾಗಿ ಸೀಳಿದರು. ಗಾಜನ್ನು ಎರಡು ಬೆರಳಷ್ಟು ಎತ್ತಿ ಒಳಗಿನ ವೈರುಗಳನ್ನು ಕಿತ್ತು, ಪರದೆಯನ್ನು ಹಾಸಿಗೆಯ ಮೇಲೆ ಮಲಗಿಸಿ ಬಂದು, ಟಾರ್ಚು ಬಿಟ್ಟರು. ಬೆಳಕು ಒಂದೇ ಕಡೆ ನಿಂತುಬಿಟ್ಟಿತು. ಪುಟದಕ್ಕ ಹತ್ತಿರ ಬಂದು ಬಗ್ಗಿದಳು.

"ಏನ್ ಮೇಷ್ಟ್ರೇ, ಗಾಜು ಒಡೀತಾ?"

"ಗಾಜಲ್ಲಮ್ಮಾ."

ಅಷ್ಟು ಹೇಳಿ ಮೇಷ್ಟ್ರು ಅವಳ ಕುರ್ಚಿಯನ್ನು ಎಳೆದುಕೊಂಡು ಕೂತರು. ಅವರು ಕೂತದ್ದನ್ನು ಆಕೆ ಕಂಡದ್ದು ಅದೇ ಮೊದಲು.

"ಇಲ್ಲಿ ನೋಡಿ. ಎರಡು ಪಟ್ಟಿ ಇದಾವಲ್ಲ, ಮೇಲಿಂದು ಪೂರ್ತಿ ಒಳಗೆ ಹೋಗಿದೆ. ಕೆಳಗಿನದರ ಅಂಚಲ್ಲಿ ಚಿನ್ನದ ಬಣ್ಣದ ಗೆರೆ ಕಾಣ್ತಿದೆ. ಅದು ಕಾಣಬಾರದು. ಕೂತಿದೆ ಅನ್ನಿಸತ್ತೆ, ಆದ್ರೆ ಕೂತಿಲ್ಲ. ಏಳು ವರ್ಷ ಇದು ಸುಮ್ನೆ ಮಲಗಿದೆ ಅಮ್ಮಾ. ಮೊದಮೊದಲು ಅರ್ಧವೇ ಸಾಕಾಗಿತ್ತು, ಚಿತ್ರಗಳು ದೊಡ್ಡದಾದ ಹಾಗೆ ನಿಮ್ಮ ಕಂಪ್ಯೂಟರು ಆ ಅರ್ಧ ಮೆಮೊರೀಲೇ ಏದುಸಿರು ಬಿಡ್ತಾ ಇತ್ತು."

"ಯಾರು ಹಾಗೆ ಹಾಕಿದ್ದು?"

ಮೇಷ್ಟ್ರು ಟಾರ್ಚನ್ನು ಮೂಲೆಗೆ ತಿರುಗಿಸಿದರು. ಸೀಸದ ಕಡ್ಡಿಯ ತಾರೀಖು, ಪಕ್ಕದಲ್ಲೊಂದು ಸುತ್ತು ಗುರುತು. "ನಾನೇ. ಅವತ್ತು ಕರೆಂಟು ಹೋಗಿತ್ತು. ಟಿಕ್ ಅಂತ ಸದ್ದು ಕೇಳಿ ಕೂತಿತು ಅಂದ್ಕೊಂಡೆ. ಆನ್ ಮಾಡಿ ನೋಡದೇನೇ ಗಾಜು ಅಂಟಿಸಿ ಹೋದೆ. ಸಾಯಂಕಾಲ ನೀವು ಫೋನ್ ಮಾಡಿ ಆನ್ ಆಯ್ತು ಅಂದ್ರಿ, ನಾನೂ ಅಷ್ಟಕ್ಕೇ ಸುಮ್ನಾದೆ."

ಆಕೆ ತನ್ನ ಹತ್ತು ಬೆರಳುಗಳನ್ನೂ ಎದುರಿಗೆ ಹಿಡಿದು, ಬೇರೆ ಯಾರದೋ ಬೆರಳುಗಳನ್ನು ನೋಡುವಂತೆ ನೋಡಿದಳು. ವೈದ್ಯರು, ಚೆಂಡು, ಲೇಬಲ್ಲು, ಹಕ್ಕಿಗಳು, ಯಜಮಾನರೆದುರು ತಲೆತಗ್ಗಿಸಿ ನಿಂತ ಆ ಮಧ್ಯಾಹ್ನ, ಎಲ್ಲವೂ ಒಟ್ಟಿಗೆ ನೆನಪಾಯಿತು.

"ಹಾಗಾದ್ರೆ ನೆಲವೇ ಡೊಂಕಾಗಿತ್ತಾ ಮೇಷ್ಟ್ರೇ?"

"ಹೌದಮ್ಮಾ" ಎಂದರು ಅವರು. ಕೂತ ಮೇಲೆ ಅವರಾಡಿದ ಯಾವ ಮಾತಿನ ಹಿಂದೆಯೂ ಪ್ರಶ್ನೆಯಿರಲಿಲ್ಲ.

"ಎದ್ದು ಹೋಗಿ" ಎಂದಳು ಆಕೆ. ಬಿಚ್ಚಿದ್ದನ್ನು ಹಾಗೇ ಬಿಟ್ಟು ಹೋಗಲಾರೆ ಎಂದ ಅವರು, ಹಳೆಯ ಪಟ್ಟಿಗಳನ್ನು ತೆಗೆದು, ಹೊಸವನ್ನು ಕೂರಿಸಿ, ಅಂಟು ಹಚ್ಚುವ ಮುಂಚೆ ಯಂತ್ರಕ್ಕೆ ಜೀವ ಕೊಟ್ಟು, ಪರದೆಯ ಮೇಲೆ ಮೂಡಿದ ಮೆಮೊರಿಯ ಅಂಕಿಯನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದರು. "ಹದಿನಾರು" ಎಂದು ಆಕೆ ಅಳುತ್ತ ಓದಿದಳು. ಗಾಜು ಅಂಟಿಸಿ, ದುಡ್ಡಿಗೆ ಕೈಯೊಡ್ಡದೆ, ಓರೆಯಾಗಿ ಮೆಟ್ಟಿಲಿಳಿದು ಅವರು ಹೊರಟುಹೋದರು.

ನೇರ ಮನೆಗಲ್ಲ, ಮುದ್ರಣಾಲಯಕ್ಕೆ. ಅಲ್ಲಿನ ಐದು ಯಂತ್ರಗಳೂ ಅವರ ಉಸ್ತುವಾರಿಯಲ್ಲೇ ಇದ್ದವು. ಎಲ್ಲರ ಎದುರು ನಿಂತು, ಪುಟದಕ್ಕ ನಿಧಾನವಾಗಿರಲಿಲ್ಲ, ತಪ್ಪು ತನ್ನದು ಎಂದು ಹೇಳಿದರಂತೆ. ಕತ್ತರಿಸುವ ಯಂತ್ರದವನು ಕೆಲಸ ನಿಲ್ಲಿಸಿ ಬಾಯಿ ತೆರೆದು ನಿಂತನಂತೆ. ಅರ್ಧ ಗಂಟೆಯೊಳಗೆ ಯಜಮಾನರ ಫೋನು ಬಂತು: "ಅಲ್ಲಮ್ಮಾ, ಈ ಮನುಷ್ಯನಿಗೆ ತಲೆ ನೆಟ್ಟಗಿದೆಯಾ? ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ಳೋರನ್ನ ನಾನು ಇವತ್ತೇ ನೋಡಿದ್ದು! ಇರ್ಲಿ, ಎರಡನೇ ಸಂಪುಟ ನಿಮ್ದೇ. ಬೇಡ ಅನ್ಬೇಡಿ." ಮುಂದಿನ ತಿಂಗಳಿಂದ ಆ ಐದು ಯಂತ್ರಗಳನ್ನು ನೋಡಿಕೊಳ್ಳಲು ಬೇರೊಬ್ಬರು ಬಂದರು.

ಪುಟದಕ್ಕ ಹಕ್ಕಿಗಳ ಎರಡನೆಯ ಸಂಪುಟವನ್ನು ಹೇಳಿದ ದಿನಕ್ಕೆ ಮೊದಲೇ ಮುಗಿಸಿದಳು. ಮೊದಲನೆಯದನ್ನು ಇವತ್ತಿಗೂ ತೆರೆದು ನೋಡಿಲ್ಲ. ಅವಳನ್ನು ಬೆಚ್ಚಿಬೀಳಿಸಿದ್ದು ಹೋದ ವರ್ಷಗಳು ಮಾತ್ರವಲ್ಲ. ಒಂದು ದಿನ ಊಟಕ್ಕೆ ಕೂತಾಗ ಗಂಡನಿಗೆ ಇದ್ದಕ್ಕಿದ್ದಂತೆ ಹೇಳಿದಳು: "ನಾನು ಪಕ್ಕದಲ್ಲೇ ನಿಂತಿದ್ರೂ ನಂಗೇನು ಗೊತ್ತಾಗ್ತಿತ್ತು? ಮೇಷ್ಟ್ರು ಸುಮ್ನೆ ಬಿಚ್ಚಿ ಬೇರೆ ಹಾಕಿದ್ರೆ ಮುಗೀತಿತ್ತು. ಅವರ ಜಾಗದಲ್ಲಿ ನಾನಿದ್ದಿದ್ರೆ ಅಷ್ಟೇ ಮಾಡ್ತಿದ್ದೆ ಕಣ್ರೀ."

ಇಂಥವರು ವಿರಳ, ಮತ್ತು ಅವರು ವಿರಳವಾಗಿರುವುದರಲ್ಲಿ ನಮ್ಮ ಪಾಲೂ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ನಾವು ಬಾಯಿಗೆ ಬಂದಂತೆ ಬೈಯುತ್ತೇವೆ, ಮೂರು ದಿನ ಮಾತು ಬಿಡುತ್ತೇವೆ, ನಾಲ್ಕನೆಯ ದಿನ ಅವನಿಗೇ ಫೋನು ಮಾಡುತ್ತೇವೆ. ಯಾರೂ ಕೇಳದಿದ್ದರೂ ತನ್ನ ತಪ್ಪನ್ನು ತಾನೇ ಬೆಳಕಿಗೆ ಹಿಡಿದವನ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿ, ಎಂಥ ದೊಡ್ಡ ಮನುಷ್ಯ ಎಂದು ಕೊಂಡಾಡುತ್ತೇವೆ, ಮತ್ತೆ ಮನೆಗೆ ಕರೆಯುವುದಿಲ್ಲ.