ಮೂರನೆಯ ಕೂಗು

ತೌಡಿನ ಧೂಳು ಮೂಗಿಗೆ ಏರಿ ಸೀನು ಬರುತ್ತಿದೆ, ಸೀನಬಾರದು, ಒಳ್ಳೆಯ ಕೆಲಸಕ್ಕೆ ಕೂತಾಗ ಒಂಟಿ ಸೀನು ಬಿದ್ದರೆ ಅತ್ತೆ ನನ್ನನ್ನು ಹರಿದು ಮುಕ್ಕುತ್ತಾಳೆ, ಮೂಗು ಹಿಂಡಿಕೊಂಡೆ, ಹೋಯಿತು, ಪುಣ್ಯ — ತೊಡೆಯ ಮೇಲೆ ಮೊರ, ಮೊರದಲ್ಲಿ ನವಣೆ ತೌಡು, ನನ್ನ ಮಗನನ್ನು ಕೊಳ್ಳಲಿಕ್ಕೆ ಇಷ್ಟು ಸಾಕಂತೆ, ಹೆಚ್ಚು ಕೊಟ್ಟರೆ ಬೆಲೆಯುಳ್ಳ ಕೂಸು ಅಂತ ಸಾವಿಗೆ ಗೊತ್ತಾಗುತ್ತದಂತೆ, ತೌಡಿಗೆ ಕೊಂಡರೆ ಇದರಲ್ಲೇನಿದೆ ಅಂತ ಮೂಸಿ ಬಿಟ್ಟು ಹೋಗುತ್ತದಂತೆ, ಎಷ್ಟು ದಡ್ಡ ಸಾವಪ್ಪ ಅದು, ನಮ್ಮ ಎಮ್ಮೆಗಿಂತ ದಡ್ಡ, ಆದರೂ ನಂಬಿ ಕೂತಿದ್ದೇನೆ, ನಂಬದೆ ಎಲ್ಲಿಗೆ ಹೋಗಲಿ. ಪಡಸಾಲೆಯ ಜಂತಿಗೆ ತೊಟ್ಟಿಲು ಕಟ್ಟಿದ್ದಾರೆ, ಹಗ್ಗ ಕಿರ್ರೆನ್ನುತ್ತಿದೆ, ಹೆಂಗಸರು ಸುತ್ತ ಕೂತು ಹಾಡುತ್ತಿದ್ದಾರೆ, ಹುಡುಗರು ಗುಗ್ಗರಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದಾರೆ, ತೊಟ್ಟಿಲಲ್ಲಿ ನನ್ನ ಮಗ ಇಲ್ಲ, ಗುಂಡುಕಲ್ಲು ಮಲಗಿದೆ, ನಿನ್ನೆಯ ತನಕ ಚಟ್ನಿ ಅರೆದ ಕಲ್ಲು, ಅದಕ್ಕೆ ನೀರೆರೆದು ಅರಿಶಿನ ಹಚ್ಚಿ ನಾನು ಹೊಲಿದ ಕುಂಚಿಗೆ ತಲೆಗೆ ತೊಡಿಸಿದ್ದಾರೆ, ಯುದ್ಧ ಬಂದ ಮೇಲೆ ಬಟ್ಟೆಯೇ ಸಿಗುವುದಿಲ್ಲ, ನನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ಹೊಲಿದದ್ದು, ಅಂಚಿನ ಕೆಂಪು ಸರಿಯಾಗಿ ಹಣೆಯ ಮೇಲೆ ಬರಬೇಕು ಅಂತ ಎರಡು ಸಲ ಬಿಚ್ಚಿ ಹೊಲಿದೆ, ಕಲ್ಲಿಗೆ ಹಣೆ ಎಲ್ಲಿಂದ ಬರಬೇಕು. ಮೊದಲು ಕಲ್ಲನ್ನು ತೂಗಬೇಕು, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ, ಅದು ಎಲ್ಲರ ಮನೆಯ ಶಾಸ್ತ್ರ. ಆಮೇಲಿನದು ನನ್ನಂಥವಳಿಗೆ ಮಾತ್ರ, ಹಡೆದದ್ದನ್ನು ಉಳಿಸಿಕೊಳ್ಳಲು ಬಾರದವಳಿಗೆ. ಅತ್ತೆ ಈಗಷ್ಟೇ ಕೂಸನ್ನು ಹರಕು ಚಿಂದಿಯಲ್ಲಿ ಸುತ್ತಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳು, ಎದುರು ಮನೆಯ ಹಂಪವ್ವ ಅದನ್ನು ಎತ್ತಿಕೊಂಡು ಓಣಿ ಬಳಸಿ ನಮ್ಮ ಮುಂಬಾಗಿಲಿಗೆ ಬರುತ್ತಾಳೆ, ತಿಪ್ಪೆಯಲ್ಲಿ ಸಿಕ್ಕ ಕೂಸು ಬೇಕೇನ್ರಿ ಅಂತ ಮೂರು ಸಲ ಕೂಗುತ್ತಾಳೆ, ಎರಡು ಸಲ ನಾನು ಬೇಡ ಅನ್ನಬೇಕು, ಮೂರನೆಯ ಕೂಗಿಗೆ ಈ ತೌಡು ಸುರಿದು ತೆಗೆದುಕೊಳ್ಳಬೇಕು. ಯಂಕವ್ವಾ, ನೆಪ್ಪಿಟ್ಕೋ, ಮೂರನೇದು ಕೂಗೂತನ ಮುಟ್ಟಿದಿ ಅಂದ್ರ ಎಲ್ಲಾ ನೀರಾಗ ಹೋತು, ಅತ್ತೆ ಬೆಳಗಿನಿಂದ ಇದನ್ನೇ ಅರೆಯುತ್ತಿದ್ದಾಳೆ. ನೆನಪಿದೆ ಅತ್ತೆ, ನನಗೆ ಬೇರೆ ಏನು ನೆನಪಿದೆ ಈ ತಿಂಗಳು.

ಇದೇ ಜಂತಿಗೆ ಎರಡು ಸಲ ತೊಟ್ಟಿಲು ಕಟ್ಟಿದ್ದರು, ಮೊದಲನೆಯವ ಗಾದಿಲಿಂಗಪ್ಪ, ಅವನ ಕಿವಿಯಲ್ಲಿ ಹೆಸರು ಹೇಳಿ ಎತ್ತಿ ನನ್ನ ಕೈಗೆ ಕೊಟ್ಟಾಗ ಇಷ್ಟು ಮಂದಿಯ ಎದುರಿಗೆ, ನನ್ನ ಬಂಗಾರ, ನನ್ನ ಮಗನಽ ಅಂತ ಮುದ್ದಿಟ್ಟೆ, ಎಳೆಯವಳು, ಬಾಯಿಗೆ ಬಂದದ್ದು ಅಂದೆ, ಹೋಳಿ ಕಳೆಯುವುದರೊಳಗೆ ಹೋದ, ಎರಡನೆಯವ ದ್ಯಾವಪ್ಪ, ಅವನಿಗೂ ಅಂದೆ, ಬುದ್ಧಿ ಬಂದಿರಲಿಲ್ಲ, ಹಾಲು ಕುಡಿಯುತ್ತ ಕುಡಿಯುತ್ತ ಬಾಯಿ ಬಿಟ್ಟ, ಕೊಪ್ಪಳದ ದವಾಖಾನೆಗೆ ಅಂತ ನಮ್ಮ ಇರಕಲ್ಲಗಡದಿಂದ ಗಾಡಿ ಹೂಡಿದ್ದರು, ಅರ್ಧ ದಾರಿಯಿಂದ ಎತ್ತು ಹಿಂದಕ್ಕೆ ತಿರುಗಿಸಿದರು, ಗಾಡಿಯಲ್ಲಿ ನನ್ನ ಎದೆ ಸೋರುತ್ತಿತ್ತು, ಯಾರಿಗೆ ಸೋರಬೇಕು ಅಂತಲೂ ಗೊತ್ತಿಲ್ಲದ ಹಾಲು. ನಡುವೆ ಹುಟ್ಟಿದ ಹೊಳಿಯಮ್ಮ ಉಳಿದಳು, ಹೆಣ್ಣು ಅಂತ ಯಾರೂ ತೊಟ್ಟಿಲಿಗೆ ಕೂಡಲಿಲ್ಲ, ಯಾರೂ ಬಗ್ಗಿ ನೋಡಲಿಲ್ಲ, ನಾನೂ ಬಂಗಾರ ಅನ್ನಲಿಲ್ಲ, ನೋಡು ಹೇಗೆ ಕಲ್ಲು ತಿಂದು ಕರಗಿಸಿಕೊಳ್ಳುವ ಹಾಗೆ ಬೆಳೆದಿದ್ದಾಳೆ, ಆಗಲೇ ಐದು ತುಂಬಿತು, ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದಾಳೆ, ಯವ್ವಾ ಈ ಕಲ್ಲು ಹಾಲು ಕುಡಿತೈತೇನ ಅನ್ನುತ್ತಾಳೆ, ಸುಮ್ನಿರಽ ಅಂದೆ. ಅದಕ್ಕೇ ಈ ಸಲ ಒಂದು ತಿಂಗಳಿಂದ ಈ ಕೂಸಿನ ಮುಖ ನೋಡದೆ ಹಾಲು ಕುಡಿಸಿದ್ದೇನೆ, ಗೋಡೆ ನೋಡುತ್ತ, ಗೋಡೆಯ ಮೇಲಿನ ಹಲ್ಲಿ ನೋಡುತ್ತ, ಎದೆಗೆ ಒತ್ತಿಕೊಳ್ಳದೆ, ಯಾರಾದರೂ ಕೂಸು ಹ್ಯಾಂಗೈತಿ ಅಂತ ಕೇಳಿದರೆ ಐತಿ ಬಿಡ್ರಿ ಒಂದು ಅಂದುಬಿಟ್ಟೆ, ನಡುರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಅದರ ಪಾದ ನನ್ನ ಬಾಯಿಯೊಳಗೆ ಇಟ್ಟುಕೊಂಡಿದ್ದೆ, ಸದ್ದಿಲ್ಲದೆ, ಕತ್ತಲಲ್ಲಿ ಸಾವಿಗೆ ಕಾಣುತ್ತದೋ ಇಲ್ಲವೋ. ಮತ್ತೆ ಹಂಪವ್ವ. ಅವಳಿಗೆ ನಾಲ್ಕು ಹುಟ್ಟಿದವು, ನಾಲ್ಕೂ ಉಳಿದವು, ಅವಳ ಕೈ ಛಲೋ ಕೈ ಅಂತ ನಾನು ಬಸುರಿ ಇದ್ದಾಗಲೇ ಎತ್ತುವವಳು ನೀನೇ ಅಂತ ಅತ್ತೆ ಮಾತು ಕೊಟ್ಟಳು, ಅವಳೂ ಬಸುರಿ, ಇಬ್ಬರೂ ಒಂದೇ ವಾರದಲ್ಲಿ ಹಡೆದೆವು, ಅವಳ ಐದನೆಯದು ಅಮಾವಾಸ್ಯೆಗೆ ಹೋಯಿತು. ಆಗ ಅತ್ತೆ, ಇನ್ನ ಹಂಪವ್ವ ಬ್ಯಾಡ, ಮಗ್ಗಲ ಮನಿ ಶಂಕ್ರಮ್ಮನ್ನ ಕೇಳೂಣು ಅಂದಳು, ನಾನೇ ಬೇಡ ಅಂದೆ, ಕೂಸು ಹೋದವಳಿಗೆ ಹೀಗೆ ಮೋರೆಗೆ ಹೊಡೆದಂತೆ ಮಾಡಬೇಕೇ, ಅವಳು ನನ್ನ ಜೊತೆ ಬಾವಿಗೆ ಬರುವವಳು, ನನ್ನ ಎರಡೂ ಹೋದಾಗ ಇದೇ ಹೊಸ್ತಿಲಲ್ಲಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳು. ಅವಳ ಎದೆ ಹಾಲು ಕಟ್ಟಿ ಕಲ್ಲಾಗಿ ಜ್ವರ ಬಂದಾಗ ನಾನೇ ಕೂಸನ್ನು ಕಳಿಸಿದೆ, ಕುಡಿಸವ್ವ, ನನಗೂ ಹಾಲು ಸಾಲದು ಅಂತ, ದಿನಾ ಮಧ್ಯಾಹ್ನ ಅಲ್ಲೇ ಕುಡಿದು ಅಲ್ಲೇ ಮಲಗಿ ಬರುತ್ತಿತ್ತು.

ಯಾಕೆ ಬರಲಿಲ್ಲ ಇನ್ನೂ, ಹಿತ್ತಲಿನಿಂದ ಮುಂಬಾಗಿಲಿಗೆ ಎಷ್ಟು ದೂರ, ತಿಪ್ಪೆಯ ಮೇಲೆ ನಾಯಿ ಇರುತ್ತದೆ, ಆ ಕರಿ ನಾಯಿ, ಇಲ್ಲ, ಅತ್ತೆ ಹುಡುಗರನ್ನು ಕಾವಲು ನಿಲ್ಲಿಸಿದ್ದಾಳೆ, ಆ ಹುಡುಗರೋ ಗುಗ್ಗರಿಯ ವಾಸನೆಗೆ ಒಳಗೇ ಬಂದುಬಿಟ್ಟಿದ್ದಾವೆ, ಎದ್ದು ನೋಡಲೇ, ಏಳಬಾರದು. ಗಂಡಸರು ಆಚೆ ಓಣಿಯ ತುದಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ, ಇವರೂ ಅಲ್ಲೇ ಇದ್ದಾರೆ, ಹೆಂಗಸರ ಶಾಸ್ತ್ರ ಅಂತ ಈ ಕಡೆ ಮುಖ ಹಾಕುವುದಿಲ್ಲ, ನಿನ್ನೆ ಮಾತ್ರ ನನಗೆ ಕೇಳಿಸುವ ಹಾಗೆ, ಇದೊಂದ ಉಳಿದ್ರ ಸಾಕು ಅಂತ ಎತ್ತಿಗೆ ಹೇಳಿದರು. ನಾದಿನಿ ಕಳಕಮ್ಮ ಕುಷ್ಟಗಿಯಿಂದ ಬಂದಿದ್ದಾಳೆ, ಸೋದರತ್ತೆ, ಹೆಸರು ಹೇಳುವವಳು, ಮೂಗಿನ ನತ್ತು ತೋರಿಸಲಿಕ್ಕೆ ಬೆಳಗಿನಿಂದ ಎಡಗಡೆಗೇ ತಿರುಗಿ ಕೂತಿದ್ದಾಳೆ, ಕಿವಿಯಲ್ಲಿ ಕುರ್ರ್ ಅಂತ ಊದಿ ಹೆಸರು ಹೇಳಿದರೆ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು, ಹುಡುಗರೆಲ್ಲ ಆಗಲೇ ಮುಷ್ಟಿ ಬಿಗಿದು ನಿಂತಿದ್ದಾರೆ, ಮೆಲ್ಲಗ ಗುದ್ರೋ ಭಾಡ್ಯಾಗಳ್ರ್ಯಾ ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಕ್ಕೆ, ನಕ್ಕೆನೇ? ಬಂದಳು. ಹಂಪವ್ವ ಬಂದಳು, ಹೊಸ್ತಿಲ ಆಚೆ ನಿಂತಳು, ಸೆರಗು ಹೊದ್ದಿದ್ದಾಳೆ, ಸೆರಗಿನೊಳಗೆ ಕೂಸು, ಕಾಲು ಮಾತ್ರ ಹೊರಗೆ, ಚಿಂದಿಯಿಂದ ಜಾರಿದ ಕಾಲು, ನೋಡಬಾರದು, ಗೋಡೆ ನೋಡು, ಹಾಡು ನಿಂತಿತು. ತಿಪ್ಪಿ ಮ್ಯಾಲ ಒಂದು ಕೂಸು ಸಿಕ್ಕೈತ್ರಿ, ನಿಮಗ ಬೇಕೇನ್ರಿ. ನಮಗ್ಯಾಕವ್ವ ತಿಪ್ಪಿ ಕೂಸು, ಬ್ಯಾಡ, ಒಯ್ಯಿ. ನನ್ನ ದನಿಯೇ ಅದು, ಎಷ್ಟು ಗಟ್ಟಿ ಬಂತು, ಶಂಕ್ರಮ್ಮ ಪಕ್ಕದವಳಿಗೆ, ಖರೇನ ಬ್ಯಾಡ ಅಂದಂಗ ಅಂದ್ಲು ನೋಡು ಅಂತ ಹೊಗಳಿದಳು, ಅತ್ತೆ ತಲೆಯಾಡಿಸಿದಳು. ಹಂಪವ್ವ ಮತ್ತೆ ಕೂಗಿದಳು, ಈ ಸಲ ಕೂಗಲಿಲ್ಲ, ಮೆಲ್ಲಗೆ ಕೇಳಿದಳು, ನನ್ನನ್ನೇ ನೋಡುತ್ತ, ಬೇಕೇನ ಯಂಕವ್ವ. ಹೆಸರು ಹಿಡಿದು ಕೇಳಬಾರದಿತ್ತು, ಹೆಸರು ಹಿಡಿದರೆ ನಾನು ಯಾರು ಅಂತ ಸಾವಿಗೆ ಗೊತ್ತಾಗುತ್ತದೆ, ಸಿಟ್ಟು ಬಂತು, ಇನ್ನೂ ಗಟ್ಟಿಯಾಗಿ ಅಂದೆ, ಬ್ಯಾಡ, ಬ್ಯಾಡ ಅಂದ್ನೆಲ್ಲ. ಆಯಿತು, ಎರಡು ಆಯಿತು, ಇನ್ನೊಂದೇ. ಮೊರ ಎತ್ತಿಕೊಂಡು ಎದ್ದು ನಿಂತೆ.

ಕೂಗಲಿಲ್ಲ. ನಿಂತಿದ್ದಾಳೆ. ಸೆರಗು ಅಲುಗುತ್ತಿದೆ, ಅದರೊಳಗೆ ಕೂಸು ಕುಡಿಯುತ್ತಿದೆ, ಗುಟುಕು ಗುಟುಕು ಸದ್ದು ಇಲ್ಲಿಗೂ ಕೇಳಿಸುತ್ತದೆ, ನನ್ನ ಹತ್ತಿರ ಕುಡಿಯುವಾಗ ಹೀಗೆ ಗುಟುಕು ಬೀಳುವುದಿಲ್ಲ, ಜಗ್ಗಿ ಜಗ್ಗಿ ಅಳುತ್ತದೆ. ಹಂಪವ್ವಾ, ಮೂರನೇದ ಕೂಗವ್ವಾ, ಹೊತ್ತು ಮೀರತೈತಿ ಅಂದಳು ಅತ್ತೆ. ಕುಡ್ಯಾಕತ್ತೈತ್ರಿ, ಮುಗೀಲಿ ಅಂದಳು ಹಂಪವ್ವ. ಯಾರೋ ನಕ್ಕರು, ಮುಗೀಲಿ ಬಿಡ್ರಿ, ಕೂಸಿಗೇನ ಗೊತ್ತು ಮುಹೂರ್ತ. ಕಾದೆವು. ಅವಳು ಕೂಸನ್ನು ಇನ್ನೊಂದು ಎದೆಗೆ ಬದಲಿಸಿದಳು, ಬದಲಿಸುವಾಗ ತಲೆ ಕಂಡಿತು, ನೆತ್ತಿಯ ಹಿಂದೆ ಅವಳ ಕೈ ಕಂಡಿತು, ಆಗ ನನಗೆ ತಿಳಿಯಿತು, ಬೇರೆ ಯಾರಿಗೂ ತಿಳಿಯುವ ಮೊದಲೇ ತಿಳಿಯಿತು, ಆ ಕೈ ನನಗೆ ಗೊತ್ತು, ಕೊಡುವವಳ ಕೈ ಹಾಗೆ ನೆತ್ತಿಯನ್ನು ಅಪ್ಪಿ ಹಿಡಿಯುವುದಿಲ್ಲ. ಹಂಪವ್ವಾ, ಕೂಗಽ, ಅಂದೆ ನಾನೇ, ನಾನು ಅನ್ನಬಾರದಾಗಿತ್ತು. ಎರಡ ಸಲ ಬ್ಯಾಡ ಅಂದ್ಲಲ್ರಿ, ಎಲ್ಲಾರೂ ಕೇಳೀರಿ ಅಂದಳು ಅವಳು, ಜಗಳದ ದನಿಯಲ್ಲ, ಬಾವಿಯಲ್ಲಿ ಹಗ್ಗ ತಾ ಅನ್ನುವ ದನಿ. ಶಂಕ್ರಮ್ಮ, ಹುಚ್ಚು ಹಿಡದೈತೇನ ನಿನಗ, ಕೊಡು ಅತ್ತ ಅಂತ ಎದ್ದಳು, ಎದ್ದವಳು ಅಲ್ಲೇ ನಿಂತಳು, ಮೂರನೆಯದು ಆಗದ ಕೂಸನ್ನು ಯಾರು ಮುಟ್ಟಬೇಕು, ಪಾಪ ಯಾರು ಕಟ್ಟಿಕೊಳ್ಳಬೇಕು. ಹಂಪವ್ವ ನನಗೊಬ್ಬಳಿಗೇ ಹೇಳಿದಳು, ಯಂಕವ್ವ, ನನ್ನ ಕೈಯಾಗ ಬದುಕ್ತಾನ, ನಿನ್ನ ಕೈಯಾಗ ಎರಡೂ ಬದುಕಿಲ್ಲ, ಖರೇ ಹೇಳು. ಏನು ಹೇಳಲಿ ಹಂಪವ್ವ, ನೀನೇ ಹೇಳು, ನೀನು ಹೇಳಿದ ಮಾತು ನಡುರಾತ್ರಿ ನನಗೆ ನಾನೇ ಹೇಳಿಕೊಂಡದ್ದಲ್ಲವೇ, ಆದರೂ ನೀನು ಹೇಳಬಾರದಾಗಿತ್ತು, ನಿನ್ನ ತೊಡೆಯ ಮೇಲೆ ತಲೆ ಇಟ್ಟವಳಿಗೆ. ಮೊರ ಇಟ್ಟು ಮುಂದೆ ಹೋದೆ, ಅತ್ತೆ ರಟ್ಟೆ ಹಿಡಿದಳು, ಮುಟ್ಟಬ್ಯಾಡ, ಮೂರನೇದ ಆಗಿಲ್ಲ, ಮುಟ್ಟಿದ್ರ ಇದೂ ಹೋಗತೈತಿ, ಬಳೆ ಒಡೆಯುವ ಹಾಗೆ ಹಿಡಿದಿದ್ದಾಳೆ, ನನ್ನ ಕೂಸು ಅಂತ ಕೂಗಬೇಕು, ನನ್ನ ಮಗ, ಕೊಡು ನನ್ನ ಮಗನ್ನ, ಕಟ್ಟೆಯ ಮೇಲಿನ ಇವರಿಗೆ ಕೇಳಿಸುವ ಹಾಗೆ ಕೂಗಬೇಕು, ಬಾಯಿ ತೆರೆದೆ, ಆದರೆ ಅದೇ ಮಾತಲ್ಲವೇ, ಅದೇ ಎರಡನ್ನೂ ತಿಂದ ಮಾತು, ಈ ಹೊಸ್ತಿಲ ಮೇಲೆ ನಿಂತು ಅದನ್ನೇ ಕೂಗಲೇ, ಕೂಗಿದರೆ ನನ್ನದಾಗುತ್ತದೆ, ನನ್ನದಾದರೆ ಹೋಗುತ್ತದೆ, ಕೂಗದಿದ್ದರೆ ಉಳಿಯುತ್ತದೆ, ಉಳಿದರೆ ನನ್ನದಲ್ಲ, ತೆರೆದ ಬಾಯಿ ಮುಚ್ಚಿಕೊಂಡೆ, ಅಷ್ಟರಲ್ಲಿ ಅವಳು ತಿರುಗಿದಳು, ಓಣಿ ದಾಟಿದಳು, ಹತ್ತು ಹೆಜ್ಜೆಯೂ ಇಲ್ಲದ ಓಣಿ, ಆ ಕಾಲು ಅವಳ ಸೊಂಟದ ಪಕ್ಕ ಅಲ್ಲಾಡುತ್ತ ಹೋಯಿತು, ಬಾಗಿಲು ಹಾಕಿಕೊಂಡಳು. ಕದದ ಅಗಳಿ ಬಿದ್ದ ಸದ್ದು ನಮ್ಮ ಪಡಸಾಲೆಯವರೆಲ್ಲ ಕೇಳಿದರು.

ಹೋಗ್ಲಿ ಬಿಡು, ಸಂಜೀಕ ಮನಸು ಕರಗಿ ತಂದ ಕೊಡತಾಳ ಅಂದಳು ಅತ್ತೆ, ಆಮೇಲೆ ಇನ್ನೂ ಮೆಲ್ಲಗೆ, ಕೊಡದಿದ್ರೂ ಎದುರಿಗೇ ಇರತಾನಲ್ಲ, ಕಣ್ಣಾಗ ಕಾಣ್ತಾನ, ಬದುಕಿದ್ರ ಸಾಕಲ್ಲೇನ. ಅವಳ ಮುಖ ನೋಡಿದೆ, ಅಲ್ಲಿ ಸಂಕಟ ಇಲ್ಲ, ಹೊರೆ ಇಳಿಸಿದವಳ ಮುಖ, ಥೂ, ಮೋತಿಗೆ ಉಗುಳಬೇಕು ಅನ್ನಿಸಿತು, ಮರುಗಳಿಗೆ ನನ್ನೊಳಗೂ ಎಲ್ಲೋ ಅದೇ, ಬದುಕುತ್ತಾನೆ, ಬದುಕುತ್ತಾನೇನೋ, ಅದನ್ನು ಒತ್ತಿ ಹಿಸುಕಿ ಕೊಲ್ಲಬೇಕು, ಕೊಲ್ಲಲಿಕ್ಕೆ ಆಗುತ್ತಿಲ್ಲ. ಹುಡುಗರಿಗೆ ಮಾತ್ರ ಏನೂ ತಿಳಿದಿಲ್ಲ, ಗುಗ್ಗರಿ ಯಾವಾಗ್ರಿ ಅನ್ನುತ್ತಿವೆ. ಕಳಕಮ್ಮ ತಾಯಿಯ ಮುಖ ನೋಡಿದಳು, ಹೆಸರಿಡದಂಗ ತೊಟ್ಟಲಾ ಇಳಿಸಬಾರದಲ್ಲ ಯವ್ವಾ. ಅತ್ತೆ ತಲೆಯಾಡಿಸಿದಳು. ಬೇಡ ಕಳಕಮ್ಮ, ಬೇಡ ಅಂದೆನೇ, ಅಂದಿರಬೇಕು, ಇವತ್ತು ನನ್ನ ಬೇಡ ಯಾವುದು ಬೇಡ ಅಂತ ಯಾರಿಗೆ ತಿಳಿಯಬೇಕು, ಅವಳು ತೊಟ್ಟಿಲಿಗೆ ಬಗ್ಗಿದಳು, ನತ್ತು ಕುಂಚಿಗೆಗೆ ತಾಗದ ಹಾಗೆ ಹಿಡಿದುಕೊಂಡು, ಕುರ್ರ್ ಅಂದಳು, ತಿಪ್ಪಣ್ಣ ಅಂದಳು. ಹುಡುಗರು ಹೋ ಅಂತ ನುಗ್ಗಿ ಅವಳ ಬೆನ್ನಿಗೆ ದಬದಬ ಗುದ್ದಿದರು, ಕೇಕೆ ಹಾಕಿದರು, ಎಷ್ಟು ಹೊತ್ತು ಕಾದಿದ್ದವು ಪಾಪ. ನನ್ನ ಎದೆ ತೊಟ್ಟಿಕ್ಕುತ್ತಿದೆ, ಕುಬಸ ಒದ್ದೆ, ಎದುರು ಮನೆಯಲ್ಲಿ ಅಳುವುದಿಲ್ಲ, ಒಂದು ಸಲವಾದರೂ ಅಳಬಾರದೇ ನನ್ನಪ್ಪ, ಹೊಟ್ಟೆ ತುಂಬಿ ಮಲಗಿದೆ, ತಿಪ್ಪಣ್ಣಾ ತಿಪ್ಪಣ್ಣಾ ಅಂತ ಹೊಳಿಯಮ್ಮ ತೂಗುತ್ತಿದ್ದಾಳೆ, ತೂಗಿದ ರಭಸಕ್ಕೆ ಕುಂಚಿಗೆ ಓರೆಯಾಯಿತು, ಸರಿ ಮಾಡಿದಳು, ಕೆಂಪು ಅಂಚು ಹಣೆಯ ಮೇಲೆ ಬರುವ ಹಾಗೆ, ಹಣೆಯ ಮೇಲೆ, ಯವ್ವಾ ತಮ್ಮ ಮಲಗ್ಯಾನ ನೋಡು ಅನ್ನುತ್ತಾಳೆ, ತೊಟ್ಟಿಲು ಅತ್ತ ಹೋದಾಗ ಕಾಣುವುದಿಲ್ಲ, ಇತ್ತ ಬಂದಾಗ ಕುಂಚಿಗೆಯೊಳಗೆ ಕಲ್ಲು, ಅತ್ತ, ಇತ್ತ ಬಂದಾಗ ಕುಂಚಿಗೆಯೊಳಗೆ ಕಲ್ಲು, ಇತ್ತ ಬಂದಾಗ ಕಲ್ಲು